ಮುರಿಯುವ ಮುನ್ನ ಒಂದು ಪಾಸ್ಟಿ

ಲೆಂಪಿ ಸಾರೆಲಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಉತ್ತರದ ಹಿಮನಾಡಿನ ಗಣಿ ಊರು ಇಶ್ಪೆಮಿಂಗ್‌ಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಆ ಸೋಮವಾರ ಬೆಳಿಗ್ಗೆ ಬಂದದ್ದು ಆ ದಿನನಿತ್ಯದ ಸಿಟ್ಟಲ್ಲ. ತನ್ನ ಹೆಸರಿನಲ್ಲಿ, ತನಗೇ ತಿಳಿಯದ ಹಾಗೆ, ಒಬ್ಬ ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸಿದ ಕಾಗದವನ್ನು ಅವಳು ತನ್ನ ಕಂಪನಿಯ ಆಫೀಸಿನ ಕಂಪ್ಯೂಟರಿನಲ್ಲಿ ಓದುತ್ತಿದ್ದಳು.

“ಮಾನ್ಯ ಸರಬರಾಜುದಾರರೇ” ಎಂದು ಶುರುವಾಗಿತ್ತು ಕಾಗದ. ಪೆನ್‌ಹೇಲ್ ಪಾಸ್ಟಿ ಕಂಪನಿಯು ತಮ್ಮೊಂದಿಗಿನ ಸಾಗಣೆ ಕರಾರನ್ನು ಈ ವರ್ಷದ ಕೊನೆಗೆ ಮುಗಿಸಲು ನಿರ್ಧರಿಸಿದೆ, ತಮ್ಮ ಸಹಕಾರಕ್ಕೆ ಧನ್ಯವಾದ, ಈ ಪತ್ರಕ್ಕೆ ಉತ್ತರಿಸುವ ಅಗತ್ಯವಿಲ್ಲ. ಕೆಳಗೆ, ವಂದನೆಗಳೊಂದಿಗೆ, ಲೆಂಪಿ ಸಾರೆಲಾ. ಮೇಲೆ, ಆರ್ವೋ ಕಿವೇಲಾನ ಹೆಸರು. ಕಾಗದ ಶುಕ್ರವಾರವೇ ಹೋಗಿತ್ತು. ಪಕ್ಕದಲ್ಲಿ ಹಸಿರು ಗುರುತು ಬೇರೆ, ಏನೋ ಘನಕಾರ್ಯ ಮುಗಿಸಿದ ಹಾಗೆ.

ಮಾನ್ಯ ಸರಬರಾಜುದಾರರಂತೆ! ಆರ್ವೋ ಆ ಕಂಪನಿಯ ಮಾಲು ಹೊರಲು ಶುರುಮಾಡಿದಾಗ ಲೆಂಪಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವಳ ಮದುವೆಯ ದಿನ ಹಿಮ ಬಿದ್ದು ದಾರಿಯೆಲ್ಲ ಮುಚ್ಚಿಹೋದಾಗ ಅವಳನ್ನು ಚರ್ಚಿಗೆ ತಲುಪಿಸಿದ್ದು ಆರ್ವೋನ ಲಾರಿಯೇ, ಹಿಂದೆ ಪಾಸ್ಟಿಯ ಪೆಟ್ಟಿಗೆಗಳ ಸಮೇತ. ಅವನ ಹೆಂಡತಿ ಐಲಿ ಚರ್ಚಿನ ಹಾಡುಗಾರಿಕೆಯಲ್ಲಿ ಲೆಂಪಿಯ ಪಕ್ಕದಲ್ಲೇ ನಿಲ್ಲುವವಳು. ಅಂಥವನಿಗೆ “ಉತ್ತರಿಸುವ ಅಗತ್ಯವಿಲ್ಲ” ಎಂದು ಬರೆಯುವ ಕೈ ಯಾವುದು? ಅವಳದೇ ಎಂದು ಹೇಳುತ್ತಿತ್ತು ಪರದೆ.

ಅವಳು ಕಿಟಕಿಯಾಚೆ ನೋಡಿದಳು. ಆರ್ವೋ ಅಂಗಳದಲ್ಲಿದ್ದ. ಪ್ರತಿದಿನ ಮಾಲು ತುಂಬಿಸುವ ಮೊದಲು ಒಳಗೆ ಬಂದು, ಟೋಪಿಯನ್ನು ಅವಳ ಮೇಜಿನ ಮೇಲೆ ಹಾಕಿ, ಒಂದು ಲೋಟ ಕಾಫಿ ಕುಡಿದು, ಅವಳ ಕಾಫಿಯೆಂದರೆ ಪಾತ್ರೆ ತೊಳೆದ ನೀರು ಎಂದು ಬೈದುಹೋಗುವುದು ಅವನ ರೂಢಿ. ಇವತ್ತು ಒಳಗೆ ಬಂದಿರಲಿಲ್ಲ. ಪೆಟ್ಟಿಗೆ ಏರಿಸುವವರ ಪಕ್ಕ ಕೈಕಟ್ಟಿ ನಿಂತಿದ್ದ.

ಲೆಂಪಿಗೆ ಮೈಯೆಲ್ಲ ಉರಿದುಹೋಯಿತು. ಎದ್ದವಳು ಅಂಗಳದ ಕಡೆ ಹೋಗಲಿಲ್ಲ. ಮೆಟ್ಟಿಲು ಹತ್ತಿ ನೇರ ಡೆರಿಕ್ ಹೂಕ್‌ಸ್ಟ್ರಾನ ಕೋಣೆಗೆ ನುಗ್ಗಿದಳು.

ಡೆರಿಕ್, ಕಂಪನಿ ಕಟ್ಟಿದ ಮುದುಕ ಸೈಲಸ್ ಪೆನ್‌ಹೇಲ್‌ನ ಮೊಮ್ಮಗಳ ಗಂಡ. ಮುದುಕ ಸತ್ತ ಮೇಲೆ ಗ್ರ್ಯಾಂಡ್ ರ್‍ಯಾಪಿಡ್ಸ್‌ನಿಂದ ಬಂದು ಯಜಮಾನಿಕೆ ವಹಿಸಿಕೊಂಡವನು. ಈ ಸೀಮೆಯನ್ನು ದಕ್ಷಿಣಕ್ಕೆ ಸೇರಿಸುವ ದೊಡ್ಡ ಸೇತುವೆಯ ಆಚೆಯವರನ್ನು ಈ ಕಡೆಯವರು ಸೇತುವೆ ಕೆಳಗಿನ ಭೂತಗಳು ಎಂದು ಕರೆಯುತ್ತಾರೆ. ತಮಾಷೆಗೇ ಕರೆಯುವುದು, ಹೆಚ್ಚಿನ ದಿನಗಳಲ್ಲಿ.

“ಇದೇನಯ್ಯಾ ಇದು?” ಎಂದಳು ಲೆಂಪಿ, ಮುದ್ರಿಸಿ ತಂದ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದು. “ನನ್ನ ಹೆಸರು ಬರೆಯೋಕೆ ನಿಮ್ಮ ಮಿಷನ್ನಿಗೆ ಕಲಿಸಿದ್ದು ಯಾರು?”

“ಲೆಂಪಿ, ಮೊದಲು ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ ನಾನು!”

ನಿಜ ಹೇಳಬೇಕೆಂದರೆ ಕರಾರುಗಳನ್ನು ನೋಡಿಕೊಳ್ಳುವ ಈ ಸಾಫ್ಟ್‌ವೇರು ಬೇಕೆಂದು ಕುಣಿದವರಲ್ಲಿ ಲೆಂಪಿಯೂ ಒಬ್ಬಳು. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎನ್ನುವ ಜಾತಿಯವಳಲ್ಲ ಅವಳು. ಕರಾರುಗಳೆಲ್ಲ ನೆಲಮಾಳಿಗೆಯ ಕಬ್ಬಿಣದ ಬೀರುಗಳಲ್ಲಿದ್ದವು. ಹಿಂದಿನ ಚಳಿಗಾಲ ನೀರಿನ ಪೈಪು ಒಡೆದು ಅರ್ಧ ಕಾಗದ ಮುದ್ದೆಯಾದಾಗ ಅವುಗಳನ್ನು ಒಲೆಯ ಪಕ್ಕ ಹಪ್ಪಳದ ಹಾಗೆ ಒಣಗಿಸಿದವಳು ಅವಳೇ. ದೊಡ್ಡ ಅಂಗಡಿಗಳವರು ಪಾಸ್ಟಿ ಕೊಳ್ಳುವ ಮೊದಲು “ನಿಮ್ಮ ಮೈದಾ ಯಾರದು, ಮಾಂಸ ಯಾರದು, ಕರಾರು ತೋರಿಸಿ” ಎನ್ನತೊಡಗಿದ್ದರು. ಆಗೆಲ್ಲ ನೆಲಮಾಳಿಗೆಗೆ ಓಡಿ ಮಂಡಿ ಸವೆಸಿಕೊಂಡವಳೂ ಅವಳೇ. ಹೊಸ ಸಾಫ್ಟ್‌ವೇರಿನಲ್ಲಿ ಹೆಸರು ಒತ್ತಿದರೆ ಕರಾರು ಕಣ್ಣೆದುರು. ಬೇಸಿಗೆಯಿಡೀ ಒಂದೊಂದೇ ಹಾಳೆಯನ್ನು ಅದಕ್ಕೆ ಉಣಿಸಿದ್ದಳು.

ಆದರೆ ಅದಕ್ಕೆ ಓದಲೂ ಬರುತ್ತಿತ್ತು. ಓದಿ, ಒಳ್ಳೆಯ ಕರಾರಿಗೆ ಹಸಿರು, ಅನುಮಾನದ್ದಕ್ಕೆ ಹಳದಿ, ಅಪಾಯದ್ದಕ್ಕೆ ಕೆಂಪು ಬಳಿಯುತ್ತಿತ್ತು. ಮುದುಕ ಪೆನ್‌ಹೇಲ್ ಮಾಡಿಕೊಂಡ ಕರಾರುಗಳೆಲ್ಲ ಒಂದೂ ಬಿಡದೆ ಕೆಂಪಾದವು. ಕಾರಣ, ಪ್ರತಿಯೊಂದರ ಕೊನೆಯಲ್ಲೂ ಇದ್ದ ಒಂದು ಷರತ್ತು. ಅದು ಹೀಗಿತ್ತು: ಈ ಕರಾರನ್ನು ಮುರಿಯಬೇಕೆನ್ನುವವರು ಯಾರೇ ಆಗಲಿ, ಮೊದಲು ಇಬ್ಬರೂ ಎದುರುಬದುರು ಕುಳಿತು ಒಂದೊಂದು ಪಾಸ್ಟಿಯನ್ನು ಪೂರ್ತಿ ತಿನ್ನತಕ್ಕದ್ದು. ತಿಂದು ಮುಗಿಯುವ ತನಕ ವ್ಯವಹಾರದ ಮಾತು ಆಡಕೂಡದು.

ಪಾಸ್ಟಿ ಎಂದರೆ ಸಣ್ಣ ತಿಂಡಿಯಲ್ಲ. ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಗಡ್ಡೆ ತುಂಬಿ, ಅಂಚು ಹೆಣೆದು ಬೇಯಿಸಿದ, ಅಂಗೈ ಮೀರಿದ ಖಾರದ ಕರ್ಜಿಕಾಯಿ. ಗಣಿಗೆ ಇಳಿಯುವವರು ಕಟ್ಟಿಕೊಂಡು ಹೋಗುತ್ತಿದ್ದದ್ದು. ಒಂದನ್ನು ಪೂರ್ತಿ ತಿಂದವನಿಗೆ ಜಗಳಕ್ಕೆ ಏಳುವುದೇ ಕಷ್ಟ. ಮುದುಕನ ಲೆಕ್ಕವೂ ಅದೇ. “ಹಸಿದವನ ಕೈಗೆ ಕತ್ತರಿ ಕೊಡಬೇಡಿ” ಎನ್ನುತ್ತಿದ್ದ. ಹಾಗೆ ಎದುರುಬದುರು ಕೂತವರಲ್ಲಿ ಹೆಚ್ಚಿನವರು ಬಾಯಿ ಒರೆಸಿಕೊಂಡು, ಕೈಕುಲುಕಿ, ಇನ್ನೊಂದು ವರ್ಷ ನೋಡೋಣ ಎಂದು ಎದ್ದುಹೋದದ್ದನ್ನು ಲೆಂಪಿ ಕಣ್ಣಾರೆ ಕಂಡಿದ್ದಳು.

“ಆ ಕಾಗದ ತಾನಾಗೇ ಹೋಗಿದೆ,” ಎಂದ ಡೆರಿಕ್. “ಸಾಫ್ಟ್‌ವೇರು ಕೂರಿಸಿದವರು ಒಂದು ನಿಯಮ ಹಾಕಿದ್ರು. ಕೆಂಪು ಕರಾರಿನ ಅವಧಿ ಹತ್ತಿರ ಬಂದ್ರೆ ಮುಕ್ತಾಯದ ಕಾಗದ ಹೋಗಲಿ ಅಂತ. ನಾನು ಒಪ್ಪಿಗೆ ಒತ್ತಿದ್ದೆ. ಡಿಸೆಂಬರಿನಲ್ಲಿ ಮುಗಿಯೋದು ಇವರದೊಂದೇ ಇತ್ತು. ಬೇರೆಯವೆಲ್ಲ ವಸಂತಕ್ಕೆ.”

“ಅಂದ್ರೆ ವಸಂತಕ್ಕೆ ಊರಿಗೆಲ್ಲ ನನ್ನ ಹೆಸರಲ್ಲಿ ತಿಲಾಂಜಲಿ!”

“ಕರಾರುಗಳನ್ನ ಒಳಗೆ ಸೇರಿಸಿದವರು ನೀವಲ್ವಾ? ಅದಕ್ಕೇ ಸಿಸ್ಟಂ ನಿಮ್ಮನ್ನೇ ಜವಾಬ್ದಾರರು ಅಂತ ಹಿಡ್ಕೊಂಡಿದೆ.”

“ಓಹೋ! ಹಿಟ್ಟು ನಾದಿದವಳು ನಾನು, ಉಪ್ಪು ಹಾಕಿದವನು ನೀನು, ಉಗಿಸ್ಕೊಳ್ಳೋಳು ಮತ್ತೆ ನಾನೇ!”

ಡೆರಿಕ್ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಅವನು ಮೆತ್ತಗೆ, ಕೈ ಜೋಡಿಸಿಕೊಂಡು ಹೇಳಿದ: “ಆ ಕಾಗದ ಹಾಗೆ ಹೋಗಬಾರದಿತ್ತು, ಒಪ್ಪಿಕೊಳ್ತೀನಿ. ಆದ್ರೆ ಹೋಗಿದೆಯಲ್ಲ, ಇರಲಿ ಬಿಡಿ. ಗ್ರೀನ್ ಬೇ ಕಡೆಯ ದೊಡ್ಡ ಸಾಗಣೆಯವರು ಕೇಳ್ತಿದಾರೆ. ಲಾರಿ ಎಲ್ಲಿದೆ ಅಂತ ಫೋನಲ್ಲೇ ಕಾಣುತ್ತೆ. ಕಿವೇಲಾ ಅವರ ಲಾರಿ ಎಲ್ಲಿದೆ ಅಂತ ತಿಳೀಬೇಕಾದ್ರೆ ಅವರ ಹೆಂಡತಿಗೆ ಫೋನ್ ಮಾಡಬೇಕು.”

“ಮಾಡು! ಐಲಿ ಹೇಳ್ತಾಳೆ! ಸುಳ್ಳು ಹೇಳಲ್ಲ ಅವಳು, ಅವಳ ಬ್ಯಾಟರೀನೂ ಮುಗಿಯಲ್ಲ!”

ತೆರೆದ ಬಾಗಿಲಿನಿಂದ ಅವಳ ದನಿ ಬೇಯಿಸುವ ಮನೆ ದಾಟಿ, ಮಾಲು ತುಂಬಿಸುವ ಅಂಗಳದವರೆಗೂ ಹೋಯಿತು. ಕೆಳಗೆ ಲಾರಿ ಹೊರಟ ಸದ್ದು ಕೇಳಿಸಿತು. ಲೆಂಪಿ ಅದನ್ನು ಕೇಳಿಸಿಕೊಂಡಳು, ಆದರೆ ಅವಳ ತಲೆಯಲ್ಲಿ ಆಗಲೇ ಬೇರೆಯದೇ ಓಡುತ್ತಿತ್ತು.

“ಡೆರಿಕ್,” ಎಂದಳು, ಇದ್ದಕ್ಕಿದ್ದಂತೆ ದನಿ ತಗ್ಗಿಸಿ. “ಆ ಕರಾರಿನ ಕೊನೆಯ ಷರತ್ತು ಓದಿದೀಯಾ?”

ಡೆರಿಕ್ ನಕ್ಕ. “ಪಾಸ್ಟಿ ತಿನ್ನೋದಾ? ಅದೇನು ಕಾನೂನಾ, ಲೆಂಪಿ?”

“ಕೇಳೋಣ ಬಾ.”

ಲ್ಯಾನ್ಸಿಂಗ್‌ನಲ್ಲಿದ್ದ ಕಂಪನಿಯ ವಕೀಲರಿಗೆ ಅಲ್ಲೇ ಫೋನು ಹಚ್ಚಿದರು. ಆಯಮ್ಮ ಕರಾರು ಕಳಿಸಿ ಎಂದಳು, ಓದುತ್ತೇನೆ ಎಂದಳು, ಮರುದಿನ ಫೋನು ಮಾಡಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಎರಡೂ ಕಡೆಯವರು ಸಹಿ ಹಾಕಿದ ಷರತ್ತು, ಬುದ್ಧಿವಂತಿಕೆಯದೋ ಹುಚ್ಚಿನದೋ, ಷರತ್ತು ಷರತ್ತೇ. ಪಾಸ್ಟಿ ತಿನ್ನದೆ ಕಳಿಸಿದ ಕಾಗದ ನಿಲ್ಲುವುದು ಅನುಮಾನ. ಕೂತು ತಿಂದುಬಿಡಿ, ಯಾಕೆ ಸುಮ್ಮನೆ ರಗಳೆ? ಮತ್ತೆ, ಇನ್ನು ಮುಂದೆ ಎಲ್ಲವೂ ಬರಹದಲ್ಲೇ ಇರಲಿ, ಯಾರೂ ಬಾಯಿಮಾತಿನಲ್ಲಿ ಏನನ್ನೂ ಒಪ್ಪಿಕೊಳ್ಳುವುದು ಬೇಡ.

ಲೆಂಪಿಗೆ ಆನೆ ಬಲ ಬಂತು. ಯಂತ್ರ ಯಾವ ಸಾಲಿಗೆ ಕೆಂಪು ಬಳಿದಿತ್ತೋ ಅದೇ ಸಾಲು ಯಂತ್ರದ ಕೈ ಹಿಡಿದು ನಿಲ್ಲಿಸಿತ್ತು. “ಮೂಲೆಗೆ ಹಾಕಿದ ಮುದುಕ ಎದ್ದು ಬಂದು ಕಪಾಳಕ್ಕೆ ಕೊಟ್ಟ ನೋಡು,” ಎಂದು ಬೇಯಿಸುವ ಮನೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಗುರುವಾರ ಮಧ್ಯಾಹ್ನ ಕಂಪನಿಯ ಊಟದ ಕೋಣೆಯಲ್ಲಿ ಕೂತು ತಿನ್ನುವುದೆಂದು ನಿಶ್ಚಯವಾಯಿತು. ಡೆರಿಕ್ ತನ್ನ ದಿನಚರಿಯಲ್ಲಿ ಅದಕ್ಕೆ ಕಾಲು ಗಂಟೆ ಕೊಟ್ಟಿದ್ದ. ಅದನ್ನು ನೋಡಿ ಲೆಂಪಿಗೆ ಮತ್ತೆ ರೇಗಿತು. ಕಾಲು ಗಂಟೆಯಲ್ಲಿ ಪಾಸ್ಟಿ ನುಂಗಬೇಕಾದರೆ ಹೆಬ್ಬಾವೇ ಆಗಬೇಕು.

ಆರ್ವೋನಿಗೆ ಹೇಳುವುದೊಂದು ಉಳಿದಿತ್ತು. ಲೆಂಪಿ ಫೋನು ಕೈಗೆತ್ತಿಕೊಂಡಳು. ಬರಹದಲ್ಲೇ ಇರಲಿ ಎಂದ ವಕೀಲರ ಮಾತು ನೆನಪಾಯಿತು. ಈಗ ತಪ್ಪು ಹೆಜ್ಜೆ ಇಟ್ಟು ಗೆಲ್ಲುವ ಆಟ ಕೆಡಿಸಿಕೊಂಡರೆ? ಫೋನು ಕೆಳಗಿಟ್ಟು, ಸಾಫ್ಟ್‌ವೇರಿನಲ್ಲೇ ಒಂದು ಆಹ್ವಾನ ಬರೆದಳು: ಕರಾರಿನ ಇಂಥ ಷರತ್ತಿನ ಪ್ರಕಾರ, ಇಂಥ ಸ್ಥಳದಲ್ಲಿ, ಇಷ್ಟು ಹೊತ್ತಿಗೆ ಹಾಜರಾಗತಕ್ಕದ್ದು. ಒಂದೊಂದು ಪದವನ್ನೂ ತೂಗಿ ಬರೆದಳು. ಡೆರಿಕ್ ಆಗಲಿ, ಡೆರಿಕ್‌ನ ಅಪ್ಪನಾಗಲಿ ಅಲುಗಾಡಿಸಲಾರದ ಕಾಗದ. ಕಳಿಸು ಎಂದು ಒತ್ತಿದಾಗ ಹಾಯೆನಿಸಿತು.

ಆ ಸಂಜೆ ಮನೆಗೆ ಹೋಗುವಾಗ ಕಿವೇಲಾ ಮನೆಯ ತಿರುವಿನಲ್ಲಿ ಕಾರು ನಿಧಾನಿಸಿದಳು. ಹಬೆಸ್ನಾನದ ಸೌನಾ ಕೋಣೆಯ ಕೊಳವೆಯಿಂದ ಹೊಗೆ ಏಳುತ್ತಿತ್ತು, ಅಡುಗೆಮನೆಯಲ್ಲಿ ದೀಪವಿತ್ತು. ಒಳಗೆ ಹೋಗಿ ಏನೆನ್ನುವುದು? ಬರಿಗೈಯಲ್ಲಿ ಹೋಗಿ ಅತ್ತುಕೊಂಡು ಬರುವುದೇ? ಮೊದಲು ಆ ಡೆರಿಕ್‌ನ ಕೈಯಲ್ಲಿ ಕಾಗದ ವಾಪಸು ತೆಗೆಸುತ್ತೇನೆ, ಆಮೇಲೆ ತಲೆಯೆತ್ತಿಕೊಂಡು ಇವರ ಮನೆಯಲ್ಲಿ ಕಾಫಿ ಕುಡಿಯುತ್ತೇನೆ ಎಂದುಕೊಂಡು ಮುಂದೆ ಹೋದಳು. ಬುಧವಾರ ಚರ್ಚಿನಲ್ಲಿ ಹಾಡಿನ ತಾಲೀಮಿತ್ತು. ಅದಕ್ಕೂ ಹೋಗಲಿಲ್ಲ. ಹಳೆಯ ಕರಾರುಗಳನ್ನೆಲ್ಲ ತೆಗೆದು, ಪಾಸ್ಟಿಯ ಷರತ್ತು ಎಲ್ಲೆಲ್ಲಿ ಕಂಪನಿಯನ್ನು ಉಳಿಸಿತ್ತು ಎಂದು ಡೆರಿಕ್‌ಗೆ ತೋರಿಸಲು ಟಿಪ್ಪಣಿ ಮಾಡಿಕೊಳ್ಳುತ್ತ ಕೂತಳು. ಪಕ್ಕದಲ್ಲಿ ಊಟ ತಣ್ಣಗಾಯಿತು. ಮೈತುಂಬ ಸಿಟ್ಟಿದ್ದವರಿಗೆ ಹಸಿವೆಲ್ಲಿಂದ ಬರಬೇಕು.

ಗುರುವಾರ ಆರ್ವೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಆ ಅಂಗಿಯನ್ನು ಲೆಂಪಿ ಮದುವೆ, ಸಾವುಗಳಲ್ಲಿ ಮಾತ್ರ ನೋಡಿದ್ದಳು. ಟೋಪಿಯನ್ನು ಯಾವ ಮೇಜಿನ ಮೇಲೂ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಡೆರಿಕ್ ಎದುರಿಗೆ ಕೂತ. ಷರತ್ತು ಪಾಲನೆಯಾಗುತ್ತದೋ ಇಲ್ಲವೋ ನೋಡಲು ಲೆಂಪಿ ಮೇಜಿನ ತುದಿಯಲ್ಲಿ ಕೂತಳು, ಪರೀಕ್ಷೆಯ ಕೋಣೆಯ ಮೇಷ್ಟರ ಹಾಗೆ.

“ಮಿಸ್ಟರ್ ಕಿವೇಲಾ, ನಾನು ಏನು ಯೋಚಿಸಿದೆ ಅಂದ್ರೆ...” ಎಂದು ಡೆರಿಕ್ ಬಾಯಿ ತೆರೆದ.

“ತಿಂದು ಮುಗಿಯೋ ತನಕ ವ್ಯವಹಾರ ಇಲ್ಲ!” ಎಂದಳು ಲೆಂಪಿ.

ಡೆರಿಕ್ ಬಾಯಿ ಮುಚ್ಚಿದ. ಪಾಸ್ಟಿ ಬಂತು, ಹಬೆಯಾಡುತ್ತಿತ್ತು. ಅವನು ಅತ್ತಿತ್ತ ನೋಡಿ ಗ್ರೇವಿ ಇದೆಯಾ ಎಂದು ಕೇಳಿದ. ಅಡುಗೆಯವರು ಕಿವುಡರಂತೆ ನಿಂತರು. ಆರ್ವೋ ಕೆಚಪ್ಪಿನ ಬಾಟಲಿಯನ್ನು ಅವನತ್ತ ಸರಿಸಿದ.

“ಗ್ರೇವಿ ಹಾಕಿದ್ರೆ ಹಿಟ್ಟು ನೆನೆದು ಹೋಗುತ್ತಪ್ಪಾ,” ಎಂದ. “ಸೇತುವೆ ಆ ಕಡೆ ಹಲ್ಲಿಲ್ಲದೋರು ಜಾಸ್ತಿ ಅಂತ ಕಾಣುತ್ತೆ.”

ಡೆರಿಕ್‌ಗೆ ನಗು ಬಂತು. ವ್ಯವಹಾರ ಆಡುವಂತಿಲ್ಲ, ಸುಮ್ಮನೆ ಕೂರಲೂ ಆಗುವುದಿಲ್ಲ. ಹಿಮದ ಮಾತಾಯಿತು, ಜಿಂಕೆ ಬೇಟೆಯ ಮಾತಾಯಿತು. ತನ್ನ ಮಗಳು ಕಿವಿನೋವಿನಿಂದ ನಿದ್ದೆಗೆಟ್ಟಿದ್ದಾಳೆ ಎಂದು ಡೆರಿಕ್ ಹೇಳಿಕೊಂಡ. ಆರ್ವೋ ತನ್ನ ಮಕ್ಕಳಿಗೆ ಐಲಿ ಮಾಡುತ್ತಿದ್ದ ಬಿಸಿ ಶಾಖದ ವಿಷಯ ಹೇಳಿದ. ಡೆರಿಕ್ ಕಾಲು ಗಂಟೆಯನ್ನು ಮರೆತು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅಂಚಿನ ಗಟ್ಟಿ ಹಿಟ್ಟನ್ನೂ ಬಿಡದೆ ತಿಂದ. ಲೆಂಪಿ ಒಳಗೊಳಗೇ ಬೀಗಿದಳು. ನೋಡು, ಮುದುಕ ದಡ್ಡನಲ್ಲ.

ಅಂದುಕೊಂಡಂತೆಯೇ ಆಯಿತು. ಡೆರಿಕ್ ಕೈ ಒರೆಸಿಕೊಂಡು ಬೆನ್ನು ಹಿಂದಕ್ಕೆ ಚಾಚಿದ. “ಮಿಸ್ಟರ್ ಕಿವೇಲಾ, ಆ ಕಾಗದ ಕಳಿಸಿದ ರೀತಿಗೆ ನನಗೆ ನಾಚಿಕೆಯಾಗುತ್ತೆ. ವಾಪಸು ತಗೋತೀನಿ. ಹೊಸ ಕರಾರು ಮಾಡೋಣ. ಬೇಕಾದ್ರೆ ಪಾಸ್ಟಿಯ ಸಾಲೂ ಅದರಲ್ಲೇ ಇರಲಿ.”

ಲೆಂಪಿಗೆ ಎದ್ದು ಕುಣಿಯಬೇಕು ಎನ್ನಿಸಿತು. ಆರ್ವೋನತ್ತ ತಿರುಗಿದಳು.

ಆರ್ವೋ ಕೊನೆಯ ತುತ್ತು ನುಂಗಿ, ನೀರು ಕುಡಿದು, ಖಾಲಿ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ.

“ನಾನೂ ಪೂರ್ತಿ ತಿಂದೆ, ನೋಡ್ಕೊಳ್ಳಿ,” ಎಂದ. “ಆ ಸಾಲು ನನ್ನ ಕೈಯನ್ನೂ ಕಟ್ಟಿತ್ತು. ಅದಕ್ಕೇ ಬಂದೆ. ಜನವರಿಯಿಂದ ನಾನು ಹೌಟನ್ ಕಡೆ ಡೇರಿಯವರ ಹಾಲು ಹೊರ್ತೀನಿ. ಬಹಳ ವರ್ಷದಿಂದ ಕರೀತಿದ್ರು. ಆಗೋದಿಲ್ಲ ಅಂತಿದ್ದೆ. ಮೊನ್ನೆ ಆಗುತ್ತೆ ಅಂದೆ.”

ಡೆರಿಕ್ ಪೆಚ್ಚಾಗಿ ಲೆಂಪಿಯ ಮುಖ ನೋಡಿದ. ಆರ್ವೋ ಎದ್ದು, ಡೆರಿಕ್‌ನ ಕೈ ಹಿಡಿದು ಚೆನ್ನಾಗಿ ಕುಲುಕಿದ. “ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲಪ್ಪಾ. ನಿನಗೆ ನಾನ್ಯಾರು, ನನಗೆ ನೀನ್ಯಾರು. ಮಗೂಗೆ ಶಾಖ ಕೊಡೋದು ಮರೀಬೇಡ.” ಟೋಪಿ ಹಾಕಿಕೊಂಡು ಹೊರಟ.

ಲೆಂಪಿ ಕೋಟಿಲ್ಲದೆ ಹಿಂದೆಯೇ ಓಡಿದಳು. ಅಂಗಳದಲ್ಲಿ ಹಿಮ ಪುಡಿಪುಡಿಯಾಗಿ ಬೀಳುತ್ತಿತ್ತು. ಅವನು ಆಗಲೇ ಲಾರಿ ಹತ್ತಿದ್ದ. ಅವಳು ಬಾಗಿಲು ಬಡಿದಳು, ಅವನು ಗಾಜು ಇಳಿಸಿದ.

“ಹುಚ್ಚು ಹಿಡಿದಿದೆಯೇನೋ ನಿನಗೆ!” ಎಂದು ಕೂಗಿದಳು. “ಗೆದ್ದಿದ್ವಲ್ಲೋ! ಅವನೇ ಬಗ್ಗಿದ್ದ! ಆ ಕಾಗದ ನಾನು ಬರೆದಿದ್ದಲ್ಲ ಆರ್ವೋ, ಆ ದರಿದ್ರ ಮಿಷನ್ನು...”

“ಗೊತ್ತು.”

“ಗೊತ್ತಾ?”

“ಶುಕ್ರವಾರ ಕಾಗದ ಬಂದ ತಕ್ಷಣ ಐಲಿಗೆ ಅದನ್ನೇ ಹೇಳಿದೆ. ಇದು ಲೆಂಪಿ ಬರೆದಿದ್ದಲ್ಲ, ಗೊತ್ತಾದ ಕೂಡಲೇ ಫೋನ್ ಮಾಡ್ತಾಳೆ ಅಂತ. ಸೋಮವಾರ ನಿನಗೆ ಗೊತ್ತಾಯ್ತು. ನಿನ್ನ ಕೂಗಾಟ ಇಲ್ಲಿ ನಿಂತಿದ್ದ ನನಗೇ ಕೇಳಿಸ್ತು. ಸಮಾಧಾನ ಆಯ್ತು ನನಗೆ. ಇವತ್ತು ಸಾಯಂಕಾಲ ಬರ್ತಾಳೆ, ಸೌನಾ ಕಾಯಿಸು ಅಂದೆ ಐಲಿಗೆ. ಮರುದಿನವೂ ಕಾಯಿಸಿದಳು. ನಿನ್ನ ಕಾರು ತಿರುವಿನಲ್ಲಿ ನಿಧಾನ ಆಗಿದ್ದನ್ನ ಅಡುಗೆಮನೆಯಿಂದ ನೋಡಿದಳು. ನೀನು ಬರಲಿಲ್ಲ. ಬಂದಿದ್ದು ಇನ್ನೊಂದು ಕಾಗದ. ಹಾಜರಾಗತಕ್ಕದ್ದು ಅಂತ. ಅದನ್ನ ಮಿಷನ್ನು ಬರೆದಿದ್ದಲ್ಲ ಲೆಂಪಿ. ನೀನು ಬರೆಯೋ ಧಾಟಿ ನನಗೆ ಗೊತ್ತಿಲ್ವಾ?”

“ನಿನಗೋಸ್ಕರ ಜಗಳ ಆಡ್ತಿದ್ದೆ ಕಣೋ ನಾನು!”

“ಆಡ್ತಿದ್ದೆ. ಊರಿಗೆಲ್ಲ ಹೇಳಿದೀಯ. ನನಗೊಬ್ಬನಿಗೆ ಹೇಳಲಿಲ್ಲ.”

ಆರ್ವೋ ಅವಳ ಬರಿ ತೋಳುಗಳನ್ನು ನೋಡಿ, “ಒಳಗೆ ಹೋಗು, ಶೀತ ಆಗುತ್ತೆ,” ಎಂದ. “ಡಿಸೆಂಬರ್ ಮುಗಿಯೋ ತನಕ ನಿಮ್ಮ ಮಾಲು ಹೊತ್ತುಹೊತ್ತಿಗೆ ತಲುಪುತ್ತೆ. ಅದರ ಚಿಂತೆ ಬೇಡ.” ಗಾಜು ಏರಿತು, ಲಾರಿ ಹೊರಟಿತು.

ಅವಳು ಒಳಗೆ ಬಂದಾಗ ಡೆರಿಕ್ ಊಟದ ಮೇಜಿನಲ್ಲೇ ಕಂಪ್ಯೂಟರ್ ತೆರೆದು ಕೂತಿದ್ದ. ಅವನ ಮುಖವೂ ಇಳಿದಿತ್ತು.

“ಕರಾರು ಮುಗಿಸಬೇಕಾದ್ರೆ ಇದು ಕಾರಣ ಕೇಳ್ತಿದೆ,” ಎಂದ. “ಬೆಲೆ, ಗುಣಮಟ್ಟ, ವಿಳಂಬ, ಇವು ಮೂರೇ ಇರೋದು. ಏನು ಹಾಕಲಿ?”

ಸಿಸ್ಟಮ್ಮನ್ನು ಬೈಯಬಹುದಿತ್ತು, ಡೆರಿಕ್‌ನನ್ನೂ ಬೈಯಬಹುದಿತ್ತು. ಇಬ್ಬರೂ ಅದಕ್ಕೆ ಯೋಗ್ಯರೇ ಆಗಿದ್ದರು. ಲೆಂಪಿ ಆರ್ವೋ ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು.

“ವಿಳಂಬ,” ಎಂದಳು.

“ಅವರದಾ? ಅವರು ಒಂದು ದಿನಾನೂ ತಡ ಮಾಡಿದವರಲ್ಲವಲ್ಲ.”

“ಅವನದಲ್ಲ. ನನ್ನದು.”